ಭರಣಿಯ ಉಪ್ಪು, ತಾಟಿನ ಉಪ್ಪು

ಕೇಳುಗರೆಲ್ಲರಿಗೂ ನಮಸ್ಕಾರ.

ಯುಗಾದಿ ಮುಗಿದು ಬಿಸಿಲು ಏರತೊಡಗಿತೆಂದರೆ ಕಲಬುರಗಿಯ ಮಾಳಿಗೆಗಳ ಮೇಲೆ ಹಳೆಯ ಸೀರೆ, ಪಂಜೆಗಳು ಹಾಸಿಕೊಳ್ಳುತ್ತವೆ. ಅವುಗಳ ಮೇಲೆ ಸಂಡಿಗೆ, ಹಪ್ಪಳ, ಶಾವಿಗೆ, ಮಜ್ಜಿಗೆ ಮೆಣಸಿನಕಾಯಿ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ನಮ್ಮ ಒಣ ಬಿಸಿಲು ಮನುಷ್ಯರಿಗೆ ಕಷ್ಟವಾದರೂ ಒಣಗಿಸುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗಲಾರದು.

ಇವತ್ತಿನ ಮಾತು ನೌಕರಿಯಿಂದ ನಿವೃತ್ತರಾಗಿ ಮನೆಯಲ್ಲಿರುವ ಹಿರಿಯರ ಜೊತೆ. ಮಕ್ಕಳು ಬೆಂಗಳೂರು, ಹೈದರಾಬಾದ್, ಪುಣೆ ಸೇರಿರುತ್ತಾರೆ. ಮನೆಯಲ್ಲಿ ಉಳಿದವರು ಇಬ್ಬರೇ. ಆದರೆ ಹತ್ತು ಮಂದಿ ಉಣ್ಣುತ್ತಿದ್ದ ಕಾಲದ ಅಳತೆಯಲ್ಲೇ ಉಪ್ಪಿನಕಾಯಿ ಹಾಕುವ ರೂಢಿ ಇನ್ನೂ ಹಾಗೇ ಇರುತ್ತದೆ. ಅದೇ ಹೊತ್ತಿಗೆ ಡಾಕ್ಟರು ಬಿ.ಪಿ. ನೋಡಿ, ‘ಉಪ್ಪು ಕಡಿಮೆ ಮಾಡ್ರಿ’ ಅಂದಿರುತ್ತಾರೆ. ಡಾಕ್ಟರು ಹೇಳಿದ್ದು ಸರಿಯೇ. ತಪ್ಪಾಗುವುದು ಆಮೇಲೆ. ಅವರ ಮಾತು ಕೇಳಿ ಭರಣಿಗೆ ಹಾಕುವ ಉಪ್ಪನ್ನೇ ಅರ್ಧಕ್ಕೆ ಇಳಿಸಿಬಿಡುತ್ತಾರೆ. ಮಳೆಗಾಲ ಹಿಡಿಯುವಷ್ಟರಲ್ಲಿ ಉಪ್ಪಿನಕಾಯಿಯ ಮೇಲೆ ಬಿಳಿ ಪೊರೆ ಕಟ್ಟಿ, ಹೋಳು ಮೆತ್ತಗಾಗಿ, ಮುಚ್ಚಳ ತೆಗೆದರೆ ಹುಳಿತ ವಾಸನೆ ಬರುತ್ತದೆ.

ಉಪ್ಪಿನಕಾಯಿಯಲ್ಲಿ ಉಪ್ಪಿರುವುದು ಬರೀ ರುಚಿಗಲ್ಲ. ಅದು ಕಾಯಿಯೊಳಗಿನ ನೀರನ್ನು ಹೊರಗೆಳೆದು, ಆ ನೀರು ಸೂಕ್ಷ್ಮಜೀವಿಗಳಿಗೆ ದಕ್ಕದಂತೆ ಮಾಡುತ್ತದೆ. ಸಂಡಿಗೆ, ಹಪ್ಪಳ, ಒಣ ಪಲ್ಯದ ಲೆಕ್ಕ ಬೇರೆ. ಅಲ್ಲಿ ಪದಾರ್ಥವನ್ನು ಕಾಯುವುದು ಒಣಗಿರುವಿಕೆ. ಉಪ್ಪು ನಾಲಿಗೆಗೆ ಮಾತ್ರ. ಆದ್ದರಿಂದ ಒಣಗಿಸುವ ಪದಾರ್ಥದಲ್ಲಿ ಉಪ್ಪನ್ನು ಎಷ್ಟು ಬೇಕಾದರೂ ಕಡಿಮೆ ಮಾಡಿ. ಭರಣಿಯ ಉಪ್ಪನ್ನು ಮುಟ್ಟಬೇಡಿ, ತಾಟಿಗೆ ಬಡಿಸುವ ಉಪ್ಪಿನಕಾಯಿಯನ್ನು ಕಡಿಮೆ ಮಾಡಿ.

ಮಾವಿನಕಾಯಿ ಉಪ್ಪಿನಕಾಯಿಯ ಅಳತೆ ಹೇಳುತ್ತೇನೆ, ಕಾಗದ ಪೆನ್ನು ಇದ್ದರೆ ಬರೆದುಕೊಳ್ಳಿ. ಹೋಳು ಒಂದು ಕಿಲೋ. ಕಲ್ಲುಪ್ಪು 200 ಗ್ರಾಂ, ಬೆಚ್ಚಗೆ ಹುರಿದು ಪುಡಿ ಮಾಡಿದ್ದು. ಖಾರದ ಪುಡಿ 80 ಗ್ರಾಂ, ಸಾಸಿವೆ ಪುಡಿ 80 ಗ್ರಾಂ, ಹುರಿದ ಮೆಂತ್ಯದ ಪುಡಿ 20 ಗ್ರಾಂ, ಅರಿಶಿಣ 10 ಗ್ರಾಂ, ಒಂದು ಚಮಚ ಇಂಗು. ಎಣ್ಣೆ ಕಾಲು ಲೀಟರ್, ಕಾಯಿಸಿ ಪೂರ್ತಿ ಆರಿಸಿದ್ದು. ಕಾಯಿ ಹುಳಿಯಾಗಿರಬೇಕು, ಗಟ್ಟಿಯಾಗಿರಬೇಕು, ಗೊರಟೆ ಬಲಿತಿರಬೇಕು. ಒಳಗೆ ಹಳದಿ ತಿರುಗಿದ ಕಾಯಿ ಬೇಡ, ಅದು ತಿಂಗಳೊಳಗೆ ಕರಗುತ್ತದೆ. ತೊಳೆದ ಕಾಯಿಯನ್ನು ಒರೆಸಿ, ಫ್ಯಾನಿನ ಕೆಳಗೆ ಎರಡು ಮೂರು ತಾಸು ಬಿಟ್ಟು ಆಮೇಲೆ ಹೆಚ್ಚಿ. ಗೊರಟೆಯ ಗಟ್ಟಿ ಚಿಪ್ಪು ಹೋಳಿಗೆ ಅಂಟಿಕೊಂಡಿದ್ದರೆ ಹೋಳು ಬೇಗ ಮೆತ್ತಗಾಗುವುದಿಲ್ಲ. ಕಣ್ಣಿ ಮಾರ್ಕೆಟಿನಿಂದ ಹೆಚ್ಚಿಸಿಕೊಂಡು ತಂದರೆ, ಒಳಗಿನ ಬೀಜದ ತೆಳುಪೊರೆಯನ್ನು ಮನೆಯಲ್ಲಿ ಒಂದೊಂದಾಗಿ ಬಿಡಿಸಿ ಒರೆಸಿ.

ಮೊದಲು ಹೋಳಿಗೆ ಉಪ್ಪು, ಅರಿಶಿಣ ಮಾತ್ರ ಬೆರೆಸಿ ಎರಡು ದಿನ ಇಡಿ, ದಿನಕ್ಕೆರಡು ಸಲ ಕದಡಿ. ನೀರು ಬಿಡುತ್ತದೆ. ಆ ನೀರನ್ನು ಚೆಲ್ಲಬೇಡಿ, ಉಪ್ಪೂ ಹುಳಿಯೂ ಅದರಲ್ಲೇ ಇದೆ. ಮೂರನೆಯ ದಿನ ಮಸಾಲೆ, ಅರ್ಧ ಎಣ್ಣೆ ಸೇರಿಸಿ ಭರಣಿಗೆ ಒತ್ತಿ ತುಂಬಿ. ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳದಂತೆ ಒಣ ಸೌಟಿನ ಹಿಂಬದಿಯಿಂದ ಅದುಮಿ, ಉಳಿದ ಎಣ್ಣೆ ಮೇಲೆ ಸುರಿಯಿರಿ. ಹೋಳಿನ ಮೇಲೆ ಕನಿಷ್ಠ ಅರ್ಧ ಸೆಂಟಿಮೀಟರ್ ಎಣ್ಣೆ ನಿಂತಿರಬೇಕು. ವಾರದ ನಂತರ ನೋಡಿದಾಗ ಹೋಳು ಎಣ್ಣೆ ಹೀರಿಕೊಂಡು ತಲೆ ಎತ್ತಿದ್ದರೆ, ಇನ್ನಷ್ಟು ಎಣ್ಣೆ ಕಾಯಿಸಿ ಆರಿಸಿ ಹಾಕಿ. ಬಿಳಿ ಪೊರೆ ಕಟ್ಟುವುದು ಬಹುಮಟ್ಟಿಗೆ ಹೀಗೆ ತಲೆ ಎತ್ತಿದ ಹೋಳಿನ ಮೇಲೆಯೇ.

ಕಹಿಯಾಯಿತು ಎಂದು ಬಹಳ ಜನ ದೂರುತ್ತಾರೆ. ಮೆಂತ್ಯ ಕಪ್ಪಾಗುವಷ್ಟು ಹುರಿದಿರುತ್ತಾರೆ, ಇಲ್ಲವೇ 20 ಗ್ರಾಂ ಇರಬೇಕಾದದ್ದು ಹಿಡಿ ಲೆಕ್ಕದಲ್ಲಿ ಬಿದ್ದಿರುತ್ತದೆ. ಸಾಸಿವೆಯನ್ನು ಮಿಕ್ಸಿಯಲ್ಲಿ ಬಿಸಿಯೇರುವ ತನಕ ತಿರುವಿದರೂ ಕಹಿ ಬರುತ್ತದೆ, ಬಿಟ್ಟು ಬಿಟ್ಟು ತಿರುವಿ. ಉಪ್ಪಿನಕಾಯಿ ಕಪ್ಪಾದರೆ ಕಬ್ಬಿಣದ ಸೌಟೋ, ತುಕ್ಕು ಹಿಡಿದ ಮುಚ್ಚಳವೋ ಇರುತ್ತದೆ. ಚೀನಿ ಮಣ್ಣಿನ ಭರಣಿ ಅಥವಾ ಗಾಜು ಬಳಸಿ. ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರ ಹುಳಿಗೆ ಆಗಿಬರುವುದಿಲ್ಲ.

ಇನ್ನು ಲೆಕ್ಕ. ಈ ಅಳತೆಯಲ್ಲಿ ಹಾಕಿದರೆ ಸುಮಾರು 1,600 ಗ್ರಾಂ ಉಪ್ಪಿನಕಾಯಿ ಆಗುತ್ತದೆ, ಅದರಲ್ಲಿ ಉಪ್ಪು ಶೇಕಡಾ 12ರಷ್ಟು. ಅಂದರೆ 10 ಗ್ರಾಂ ತೂಗುವ ಒಂದು ಹೋಳಿನಲ್ಲಿ ಸುಮಾರು 1.2 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಒಳಗೆ. ಸಾರು, ಪಲ್ಯ, ಹಿಂಡಿ ಅಂದರೆ ಚಟ್ನಿಪುಡಿ, ಬಿಸ್ಕೀಟು ಎಲ್ಲ ಸೇರಿ ಇಡೀ ದಿನಕ್ಕೆ ಒಂದು ಚಹಾ ಚಮಚ. ಎರಡು ಊಟಕ್ಕೆ ಒಂದೊಂದು ಹೋಳು ತಿಂದರೂ ಅರ್ಧ ಪಾಲು ಉಪ್ಪಿನಕಾಯಿಗೇ ಹೋಯಿತು. ಬಿ.ಪಿ. ಇದ್ದವರು ದಿನ ಬಿಟ್ಟು ದಿನ ಒಂದು ಸಣ್ಣ ಹೋಳು ತಗೊಳ್ಳಿ, ಆ ದಿನದ ಪಲ್ಯಕ್ಕೆ ಉಪ್ಪು ಕಡಿಮೆ ಹಾಕಿ. ಹಾಗೆ ಇಬ್ಬರು ತಿಂದರೆ ಒಂದು ಕಿಲೋ ಕಾಯಿಯ ಉಪ್ಪಿನಕಾಯಿ ಐದು ತಿಂಗಳು ಬರುತ್ತದೆ. ಐದು ಕಿಲೋ ಯಾಕೆ ಬೇಕು? ಅರ್ಧ ಅರ್ಧ ಕಿಲೋ ಹಿಡಿಯುವ ಗಾಜಿನ ಬಾಟಲಿಗಳಲ್ಲಿ ತುಂಬಿ, ಒಂದೊಂದಾಗಿ ತೆರೆಯಿರಿ. ದಿನವೂ ದೊಡ್ಡ ಭರಣಿ ತೆಗೆದು ಮುಚ್ಚುವುದರಿಂದ ಗಾಳಿ, ತೇವ ಒಳಸೇರುತ್ತವೆ. ಹತ್ತು ಕಿಲೋ ಭಾರದ ಭರಣಿಯನ್ನು ಅಟ್ಟದಿಂದ ಇಳಿಸುವ ವಯಸ್ಸೂ ಇದಲ್ಲ.

ಉಪ್ಪು ತೀರಾ ಕಡಿಮೆ ಇರಲೇಬೇಕು ಎನ್ನುವವರು ತಾಜಾ ಉಪ್ಪಿನಕಾಯಿ ಮಾಡಿಕೊಳ್ಳಿ. ಕಾಲು ಕಿಲೋ ಹುಳಿಮಾವು ಸಣ್ಣಗೆ ಹೆಚ್ಚಿ, ಎರಡು ಚಮಚ ಉಪ್ಪು, ಖಾರ, ಒಂದು ಲಿಂಬೆಹಣ್ಣಿನ ರಸ, ಒಗ್ಗರಣೆ. ಫ್ರಿಜ್ಜಿನಲ್ಲಿಟ್ಟು ಎಂಟು ದಿನದಲ್ಲಿ ಮುಗಿಸಿ. ಇದು ಹೊರಗಿಡುವ ಪದಾರ್ಥವೇ ಅಲ್ಲ.

ಅಂಗಡಿಯಲ್ಲಿ ಸಿಗುವ ‘ಲೋ ಸೋಡಿಯಂ’ ಉಪ್ಪಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ಸೋಡಿಯಂನ ಒಂದು ಪಾಲನ್ನು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತರಹದ ಬಿ.ಪಿ., ಹೃದಯದ ಮಾತ್ರೆ ತಗೊಳ್ಳುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಡಾಕ್ಟರನ್ನು ಕೇಳದೆ ಆ ಉಪ್ಪು ಮನೆಗೆ ತರಬೇಡಿ.

ಈಗ ಸಂಡಿಗೆಗೆ ಬರೋಣ. ಸಾಬೂದಾಣಿ ಸಂಡಿಗೆಗೆ ಕಾಲು ಕಿಲೋ ಸಾಬೂದಾಣಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದೂವರೆ ಲೀಟರ್ ಕುದಿಯುವ ನೀರಿಗೆ ಬಿಟ್ಟು ಕಾಳು ಗಾಜಿನಂತೆ ತಿಳಿಯಾಗುವವರೆಗೆ ಕದಡುತ್ತಾ ಬೇಯಿಸುತ್ತಾರೆ. ಉಪ್ಪಿನ ರುಚಿಯನ್ನು ಆ ಹಸಿ ಗಂಜಿಯಲ್ಲೇ ನೋಡಿ ಸರಿಮಾಡುತ್ತಾರಲ್ಲ, ಅಲ್ಲೇ ಎಡವುವುದು. ನೀರೆಲ್ಲ ಆರಿ ಹೋದ ಮೇಲೆ ಉಪ್ಪು ಮಾತ್ರ ಅಷ್ಟೇ ಉಳಿಯುತ್ತದೆ. ಗಂಜಿ ಸಪ್ಪೆ ಅನಿಸಬೇಕು. ಈ ಅಳತೆಗೆ ಅರ್ಧ ಚಮಚ ಉಪ್ಪು ಧಾರಾಳ. ಜೀರಿಗೆ, ಲಿಂಬೆರಸ, ಹಸಿಮೆಣಸಿನಕಾಯಿ ಹಾಕಿದರೆ ಉಪ್ಪಿಲ್ಲದ ಕೊರತೆ ತಿಳಿಯುವುದಿಲ್ಲ. ಅಂಗಡಿ ಹಪ್ಪಳದಲ್ಲಿ ಉಪ್ಪಿನ ಜೊತೆ ಪಾಪಡ್ ಖಾರ್ ಎಂಬ ಹಪ್ಪಳದ ಸೋಡಾವೂ ಇರುತ್ತದೆ, ಅದೂ ಸೋಡಿಯಂನದೇ ಕ್ಷಾರ. ಕರಿಯದೆ ಸುಟ್ಟು ತಿಂದರೆ ಎಣ್ಣೆ ತಪ್ಪುತ್ತದೆ, ಸೋಡಿಯಂ ತಪ್ಪುವುದಿಲ್ಲ.

ಸಂಡಿಗೆ ಒಣಗಿದ್ದು ಗೊತ್ತಾಗುವುದು ಮುರಿದಾಗ. ಟಕ್ಕನೆ ಮುರಿಯಬೇಕು, ಬಾಗಿದರೆ ಇನ್ನೊಂದು ಬಿಸಿಲು ಬೇಕು. ಸಂಜೆ ಒಳಗೆ ತನ್ನಿ, ರಾತ್ರಿಯ ತಂಪಿನಲ್ಲಿ ಬಿಟ್ಟರೆ ತೇವ ಮತ್ತೆ ಹೀರುತ್ತದೆ. ಕೊನೆಯ ದಿನ ಬಿಸಿಲಿನಿಂದ ತೆಗೆದವರೇ ಬಿಸಿಬಿಸಿಯಾಗಿ ಡಬ್ಬಿಗೆ ತುಂಬಬೇಡಿ, ಒಳಗೆ ಹಬೆ ಆರಿ ನೀರ ಹನಿಯಾಗುತ್ತದೆ. ನೆರಳಲ್ಲಿ ಆರಿಸಿ, ಆಮೇಲೆ ತುಂಬಿ. ಮಿರಗದ ಮಳೆ, ಅಂದರೆ ಜೂನ್ ಮೊದಲ ಭಾಗದ ಮೃಗಶಿರಾ ಮಳೆ, ಕೂಡುವ ಮುಂಚೆ ಎಲ್ಲ ಡಬ್ಬಿ ಸೇರಿರಬೇಕು.

ಕಟಕ ರೊಟ್ಟಿಯೂ ಹಾಗೆಯೇ. ಬೇಯಿಸಿದ ಜೋಳದ ರೊಟ್ಟಿಯನ್ನು ಬಿಸಿ ಇರುವಾಗ ಒಂದರ ಮೇಲೊಂದು ಪೇರಿಸಿದರೆ ಹಬೆಗೆ ಮೆತ್ತಗಾಗಿ ನಡುವಿನವು ಬೂಷ್ಟು ಹಿಡಿಯುತ್ತವೆ. ಒಂದೊಂದಾಗಿ ನಿಲ್ಲಿಸಿ ಆರಿಸಿ, ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿಡಿ. ಹಲ್ಲು ಸರಿಯಿಲ್ಲದವರು ಚೂರು ಮಾಡಿ ಬಿಸಿ ಬೇಳೆಯಲ್ಲೋ ಮಜ್ಜಿಗೆಯಲ್ಲೋ ಹತ್ತು ನಿಮಿಷ ನೆನೆಸಿ ಉಣ್ಣಬಹುದು.

ನಮ್ಮ ಭಾಗದ ಒಣ ಕಡ್ಲಿ ಪಲ್ಯವನ್ನು ನಿವೃತ್ತರ ಮನೆಗೆ ಎಲ್ಲಕ್ಕಿಂತ ಮೊದಲು ಶಿಫಾರಸು ಮಾಡುತ್ತೇನೆ. ಎಳ್ಳಮಾವಾಸ್ಯೆ ಸುಮಾರಿಗೆ ಹೊಲದಲ್ಲಿ ಕಡಲೆಯ ಎಳೆ ಕುಡಿ ಚಿವುಟುತ್ತಾರೆ. ಉಪ್ಪು ಬೇಡ, ಎಣ್ಣೆ ಬೇಡ. ಗಾಳಿಯಾಡುವ ನೆರಳಲ್ಲಿ ತೆಳುವಾಗಿ ಹರಡಿದರೆ ಸಾಕು. ನೇರ ಬಿಸಿಲಿಗೆ ಹಾಕಿದರೆ ಬಣ್ಣವೂ ವಿಟಮಿನ್‌ಗಳೂ ಹೋಗುತ್ತವೆ. ಅಂಗೈಯಲ್ಲಿ ತಿಕ್ಕಿದರೆ ಪುಡಿಯಾಗಬೇಕು. ಬೇಸಿಗೆಯಲ್ಲಿ ಸೊಪ್ಪು ತುಟ್ಟಿಯಾದಾಗ ಒಂದು ಹಿಡಿ ಬಿಸಿನೀರಲ್ಲಿ ನೆನೆಸಿ, ತೊಗರಿ ಬೇಳೆ, ಬಳ್ಳೊಳ್ಳಿ ಒಗ್ಗರಣೆ ಜೊತೆ ಬೇಯಿಸಿ. ಚವಳಿಕಾಯಿಯನ್ನಾದರೆ (ಗೋರಿಕಾಯಿ) ಕುದಿಯುವ ನೀರಲ್ಲಿ ಎರಡು ಮೂರು ನಿಮಿಷ ಹಾಕಿ ತೆಗೆದು ಒಣಗಿಸಿ, ಇಲ್ಲದಿದ್ದರೆ ನಾರಾಗಿ ಬಣ್ಣ ಕೆಡುತ್ತದೆ.

ತೊಗರಿ ಬೇಳೆಯ ಮಾತು ಬಂತು. 2019ರಲ್ಲಿ ಭೌಗೋಳಿಕ ಸೂಚಿ (ಜಿಐ ಟ್ಯಾಗ್) ಪಡೆದ ಬೇಳೆ ನಮ್ಮದು, ಹೊಲದಿಂದಲೋ ಬೀಗರಿಂದಲೋ ಮೂಟೆಗಟ್ಟಲೆ ಬರುತ್ತದೆ. ವರ್ಷವಿಡೀ ಇಡುವುದಾದರೆ ಕಿಲೋಗೆ ಒಂದು ಚಹಾ ಚಮಚ ಹರಳೆಣ್ಣೆ ಸವರಿ, ಒಂದು ದಿನ ಬಿಸಿಲಿಗೆ ಹಾಕಿ, ಆರಿದ ಮೇಲೆ ತುಂಬಿ. ಹುಳ ಹತ್ತುವುದಿಲ್ಲ. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆ.

ಹಿಂಡಿಗಳಲ್ಲಿ ಎರಡು ಎಚ್ಚರಿಕೆ. ಶೇಂಗಾ, ಒಣಮೆಣಸಿನಕಾಯಿ ತೇವದಲ್ಲಿದ್ದರೆ ಹಸಿರು-ಹಳದಿ ಬೂಷ್ಟು ಬರುತ್ತದೆ. ಅದು ಅಫ್ಲಟಾಕ್ಸಿನ್ ಎಂಬ ವಿಷ ಮಾಡಬಲ್ಲದು, ಯಕೃತ್ತಿಗೆ ಕೆಟ್ಟದ್ದು. ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಸುಕ್ಕುಗಟ್ಟಿದ, ಬಣ್ಣಗೆಟ್ಟ, ಕಹಿ ಶೇಂಗಾವನ್ನು ಆರಿಸಿ ಎಸೆಯಿರಿ. ಬೂಷ್ಟು ಹಬ್ಬಿದ್ದರೆ ಇಡೀ ಚೀಲವನ್ನೇ ಬಿಡಿ, ದನಕ್ಕೂ ಹಾಕಬೇಡಿ. ಅಗಸಿ ಹಿಂಡಿ ಬೇರೆ ರೀತಿ ಕೆಡುತ್ತದೆ. ಅಗಸಿಯ ಎಣ್ಣೆ ಗಾಳಿಗೆ ಬೇಗ ಕಮಟುತ್ತದೆ. ಕಾಳನ್ನು ಇಡಿಯಾಗಿಟ್ಟು ಹದಿನೈದು ದಿನಕ್ಕೆ ಬೇಕಾದಷ್ಟೇ ಕುಟ್ಟಿಕೊಳ್ಳಿ.

ಹಸಿ ಬಳ್ಳೊಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದು ಈಚೆಗೆ ಕಾಣುತ್ತಿದೆ. ದಯವಿಟ್ಟು ಮಾಡಬೇಡಿ. ಎಣ್ಣೆಯ ಕೆಳಗೆ ಗಾಳಿಯಿಲ್ಲ, ಬಳ್ಳೊಳ್ಳಿಯಲ್ಲಿ ಹುಳಿಯಿಲ್ಲ. ಬಾಟುಲಿಸಂ ಎಂಬ ವಿಷಾಹಾರದ ಕಾಯಿಲೆ ತರುವ ಜೀವಿಗೆ ಬೇಕಾದ ಜಾಗ ಅದೇ. ವಾಸನೆ, ರುಚಿ ಏನೂ ಕೆಡದೆಯೂ ಪ್ರಾಣಾಪಾಯ ಮಾಡಬಲ್ಲದು. ಬಳ್ಳೊಳ್ಳಿ ಉಪ್ಪಿನಕಾಯಿಗೆ ಲಿಂಬೆರಸ ಅಥವಾ ವಿನೆಗರ್ ಮುಳುಗುವಷ್ಟು ಬೇಕು, ಫ್ರಿಜ್ಜಿನಲ್ಲಿರಬೇಕು.

ಗುಳಂಬದಲ್ಲಿ ಬೆಲ್ಲ ಮಾಡುವುದೂ ಉಪ್ಪಿನ ಕೆಲಸವನ್ನೇ. ಒಂದು ಕಿಲೋ ಮಾವಿನ ತುರಿಗೆ ಒಂದೂಕಾಲು ಕಿಲೋ ಬೆಲ್ಲ ಬೇಕು, ಕಡಿಮೆಯಾದರೆ ಹುಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲ, ಸಕ್ಕರೆ ಎರಡೂ ಒಂದೇ. ಮೊಮ್ಮಕ್ಕಳು ರಜೆಗೆ ಬರುವಾಗ ಅವರಿಗೆಂದು ಒಂದು ಬಾಟಲಿ ಮಾಡಿ.

ಇಷ್ಟೆಲ್ಲ ಮಾಡುವ ದೇಹವನ್ನೂ ನೋಡಿಕೊಳ್ಳಬೇಕು. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆಯಾಗುತ್ತದೆ, ಬಿ.ಪಿ.ಯ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸುತ್ತವೆ. ಸಂಡಿಗೆ ಇಡುವ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ ಮುಗಿಯಲಿ. ಹನ್ನೊಂದರಿಂದ ನಾಲ್ಕರವರೆಗೆ ಕಾಗೆ ಕಾಯಲು ಮಾಳಿಗೆಯ ಮೇಲೆ ಕೂರಬೇಡಿ, ತೆಳ್ಳನೆಯ ಬಟ್ಟೆ ಹೊದಿಸಿ ಅಂಚಿಗೆ ಕಲ್ಲಿಟ್ಟು ಇಳಿದುಬನ್ನಿ. ಏಣಿ ಹತ್ತುವ ಬದಲು ಅಂಗಳದಲ್ಲಿ ಹೊರಸು ಹಾಕಿ ಅದರ ಮೇಲೆ ಹರಡಿದರೆ ಮಂಡಿಗೂ ಸುಖ, ಬೀಳುವ ಭಯವೂ ಇಲ್ಲ. ನೀರು ಹತ್ತಿರವೇ ಇರಲಿ. ಮೂತ್ರ ಗಾಢ ಹಳದಿ ಆಗಿದ್ದರೆ ನೀರು ಸಾಲದೆಂದು ತಿಳಿಯಿರಿ. ಹೃದಯ, ಮೂತ್ರಪಿಂಡದ ಕಾಯಿಲೆಗೆ ಡಾಕ್ಟರು ನೀರಿನ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಮಜ್ಜಿಗೆಗೆ ಉಪ್ಪಿನ ಬದಲು ಜೀರಿಗೆ, ಕೊತ್ತಂಬರಿ ಸಾಕು. ನಡೆದಾಡಲು ಅಪ್ಪನ ಕೆರೆಯ ದಂಡೆಗೆ ಹೋಗುವವರು ಬೇಸಿಗೆಯಲ್ಲಿ ಏಳು ಗಂಟೆಯೊಳಗೆ ಮನೆ ಸೇರಿ.

ಪ್ರತಿ ಬಾಟಲಿಯ ಮೇಲೂ ಚೀಟಿ ಅಂಟಿಸಿ, ಹಾಕಿದ ತಾರೀಖು, ಉಪ್ಪಿನ ಅಳತೆ ದೊಡ್ಡ ಅಕ್ಷರದಲ್ಲಿ ಬರೆಯಿರಿ. ತೆರೆದ ತಾರೀಖು ಬೇರೆ ಬರೆಯಿರಿ. ಬೂಷ್ಟು ಕಂಡರೆ ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸುವ ಯೋಚನೆ ಬೇಡ, ಇಡೀ ಬಾಟಲಿ ಚೆಲ್ಲಿ. ಅರ್ಧ ಕಿಲೋದ ಬಾಟಲಿಯಾದ್ದರಿಂದ ನಷ್ಟವೂ ಅಷ್ಟೇ. ಖಾಲಿ ಬಾಟಲಿಯನ್ನು ಹತ್ತು ನಿಮಿಷ ನೀರಲ್ಲಿ ಕುದಿಸಿ, ಬೋರಲು ಹಾಕಿ ಬಿಸಿಲಲ್ಲಿ ಒಣಗಿಸಿ. ಮುಚ್ಚಳದ ಒಳಗಿನ ರಬ್ಬರ್ ಸುತ್ತಲೂ ತೇವ ಉಳಿದಿರುತ್ತದೆ, ಅದನ್ನು ಬಿಚ್ಚಿ ಬೇರೆಯಾಗಿ ಒಣಗಿಸಿದ ಮೇಲೆಯೇ ಮುಂದಿನ ಹೋಳು ತುಂಬಿ. ನಮಸ್ಕಾರ.