ಪೆನ್‌ಡ್ರೈವ್‌ನಲ್ಲಿ ಸಿಕ್ಕಿಬಿದ್ದ ಸೋಬಾನೆ

ಕೇಳುಗರಿಗೆ ನಮಸ್ಕಾರ. ಪಕ್ಕದಲ್ಲಿ ಒಂದು ಪೆನ್ನು, ಒಂದು ಚೀಟಿ ಇಟ್ಟುಕೊಳ್ಳಿ. ನಡುವೆ ಒಂದೆರಡು ಕಡೆ ಬರೆದುಕೊಳ್ಳುವಂಥದ್ದು ಬರುತ್ತದೆ. ಇಲ್ಲದಿದ್ದರೂ ಚಿಂತೆಯಿಲ್ಲ, ಕಥೆ ಕೇಳಿದ ಹಾಗೆ ಕೇಳಿ.

ನಮ್ಮ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಒಂದು ಸಂಜೆ ಬಂದು ಅಂಗಿ ಜೇಬಿನಿಂದ ಪೆನ್‌ಡ್ರೈವ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ದೇವಸ್ಥಾನದ ಕುಂಕುಮ ಕಟ್ಟಿದ ಹಾಗೆ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದರು. ಅವರ ತಾಯಿ ಹಾಡುತ್ತಿದ್ದ ಸೋಬಾನೆ ಪದಗಳು ಅದರೊಳಗಿವೆಯಂತೆ. ನಾಲ್ಕು ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದನ್ನು 2004ರಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದ್ದರು. ಆಮೇಲೆ ನೋಟ್‌ಬುಕ್ಕುಗಳಿಗೆ ಗೆದ್ದಲು ಹತ್ತಿತು. ಉಳಿದದ್ದು ಸಿ.ಡಿ.ಯಿಂದ ಪೆನ್‌ಡ್ರೈವಿಗೆ ಬಂದ ಈ ಫೈಲುಗಳು ಮಾತ್ರ. ಮೊನ್ನೆ ಪ್ರಿಂಟು ತೆಗೆಸಲು ಒಂದು ಅಂಗಡಿಗೆ ಹೋದರೆ, ‘ಫೈಲು ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಹೊಡೆದುಬಿಡಿ’ ಅಂದರಂತೆ.

ಆ ಮಾತಿಗೆ ಮೇಷ್ಟ್ರು ಒಪ್ಪಲಿಲ್ಲ. ಅಷ್ಟರಿಂದಲೇ ಪದಗಳು ಉಳಿದವು.

ಪೆನ್‌ಡ್ರೈವ್ ತೆರೆದೆ. ಇದ್ದ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದವು. ಮೂಲೆಯಲ್ಲಿ ಪುಟ್ಟ ಬಾಣದ ಗುರುತು, ಒಂದೊಂದರ ತೂಕ ಒಂದೆರಡು ಕೆ.ಬಿ. ಹತ್ತು ಕಂಪ್ಯೂಟರಿನ ನೀರು ಕುಡಿದ ಪೆನ್‌ಡ್ರೈವಿಗೆ ಈ ಜ್ವರ ಬರುವುದು ಮಾಮೂಲು. ಈ ವೈರಸ್ ಫೈಲುಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ. ಎಷ್ಟೋ ಸಲ ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರಿಗೆ ತುಂಬಿ, ಅದಕ್ಕೆ ‘ಹಿಡನ್’, ‘ಸಿಸ್ಟಮ್’ ಎಂಬ ಎರಡು ಮುಸುಕು ಹಾಕಿ, ಮೊದಲಿದ್ದ ಫೋಲ್ಡರುಗಳ ಜಾಗದಲ್ಲಿ ಅವುಗಳದೇ ಹೆಸರಿನ ಬಾಣದ ಗುರುತು ನಿಲ್ಲಿಸುತ್ತದೆ. ನೀವು ಬಾಣ ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ಫೋಲ್ಡರೂ ತೆರೆಯುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಬಾಣ ಒತ್ತಬೇಡಿ. ವಿಂಡೋಸಿನೊಳಗೇ ಇರುವ ಸೆಕ್ಯುರಿಟಿಯಿಂದ ಪೆನ್‌ಡ್ರೈವನ್ನು ಒಮ್ಮೆ ಸ್ಕ್ಯಾನ್ ಮಾಡಿಸಿ. ಒಳಗೆ ಏನಿದೆ ಅಂತ ಕಣ್ಣಾರೆ ನೋಡಬೇಕೇ? ‘ಸೆವೆನ್ ಜಿಪ್’ ಅಂತ ಒಂದು ಉಚಿತ ತಂತ್ರಾಂಶ ಇದೆ. ಫೈಲುಗಳನ್ನು ಕಟ್ಟುಕಟ್ಟುವುದು, ಬಿಚ್ಚುವುದು ಅದರ ಕಸುಬು. ಆದರೆ ಅದರ ಕಿಟಕಿಯಲ್ಲಿ ಪೆನ್‌ಡ್ರೈವ್ ತೆರೆದರೆ ಬಚ್ಚಿಟ್ಟ ಫೈಲುಗಳೂ ಕಾಣುತ್ತವೆ. ಮುಸುಕು ತೆಗೆಯಲು ಒಂದು ಆಜ್ಞೆ ಇದೆ, ಇದನ್ನು ಬರೆದುಕೊಳ್ಳಿ. ಸ್ಟಾರ್ಟ್ ಒತ್ತಿ ಸಿ-ಎಂ-ಡಿ ಅಂತ ಟೈಪಿಸಿದರೆ ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಎ-ಟಿ-ಟಿ-ಆರ್-ಐ-ಬಿ, ಸ್ಪೇಸ್ ಒತ್ತಿ ಒಂದು ಜಾಗ, ಮೈನಸ್ ಎಚ್, ಜಾಗ, ಮೈನಸ್ ಆರ್, ಜಾಗ, ಮೈನಸ್ ಎಸ್, ಜಾಗ, ಓರೆಗೆರೆ ಎಸ್, ಜಾಗ, ಓರೆಗೆರೆ ಡಿ, ಜಾಗ. ಆಮೇಲೆ ಕಂಪ್ಯೂಟರು ನಿಮ್ಮ ಪೆನ್‌ಡ್ರೈವಿಗೆ ಕೊಟ್ಟ ಇಂಗ್ಲಿಷ್ ಅಕ್ಷರ, ಕೋಲನ್, ಹಿಂದಕ್ಕೆ ವಾಲಿದ ಗೆರೆ, ನಕ್ಷತ್ರ ಚುಕ್ಕಿ ನಕ್ಷತ್ರ. ಎಂಟರ್. ರೇಡಿಯೋದಲ್ಲಿ ಇದನ್ನು ಓದುವುದು ಪಂಚಾಂಗ ಓದಿದ ಹಾಗಾಯಿತು, ಕ್ಷಮಿಸಿ. ಆದರೆ ಫೋಲ್ಡರುಗಳು ಒಂದೊಂದಾಗಿ ತಲೆ ಎತ್ತುವುದನ್ನು ನೋಡುವಾಗ ಆಗುವ ಸಂತೋಷವೇ ಬೇರೆ. ಸಿಕ್ಕಿದ್ದನ್ನೆಲ್ಲ ಮೊದಲು ಕಂಪ್ಯೂಟರಿಗೆ ನಕಲು ಮಾಡಿಕೊಂಡೆ. ಇನ್ನು ಮುಂದೆ ಏನು ಮಾಡಿದರೂ ನಕಲಿನ ಮೇಲೆ.

ಮೇಷ್ಟ್ರಿಗೆ ಮುಖ ಅರಳಿತು. ಫೈಲು ತೆರೆದ ಕೂಡಲೇ ಬಾಡಿತು.

ಪರದೆಯ ತುಂಬ ಕಂಡದ್ದನ್ನು ಓದಿ ಹೇಳುತ್ತೇನೆ. ಇಂಗ್ಲಿಷಿನ ಪಿ, ತಲೆ ಮೇಲೆ ಓರೆಗೀಟು ಇರುವ ಎ, ಪೌಂಡು ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರು ಬರೆಯುವ ಉದ್ದ ಹೊಟ್ಟೆಯ ಅಕ್ಷರ, ಸಣ್ಣ ಕ್ಯೂ, ಮತ್ತೆ ಗೀಟಿನ ಎ. ಕೇಳುಗರಲ್ಲಿ ಯಾರಾದರೂ ಪತ್ರಿಕೆಯಲ್ಲೋ ಮುದ್ರಣಾಲಯದಲ್ಲೋ ಕೆಲಸ ಮಾಡಿದವರಿದ್ದರೆ ಈಗಾಗಲೇ ನಕ್ಕಿರುತ್ತೀರಿ. ನಾನು ಓದಿದ್ದು ‘ಕನ್ನಡ’ ಎಂಬ ಪದವನ್ನು.

ಇದು ಕೆಟ್ಟ ಫೈಲಲ್ಲ. ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ನೀವು ಹೋಗಿದ್ದರೆ ಬೇಗ ಅರ್ಥವಾಗುತ್ತದೆ. ಕಿರೀಟ ತೆಗೆದು, ಬಣ್ಣ ಒರೆಸಿಕೊಂಡ ಮೇಲೆ ರಾವಣ ಪೆಟ್ಟಿಗೆಯ ಪಕ್ಕ ಕೂತು ಬೀಡಿ ಸೇದುತ್ತಿರುತ್ತಾನೆ. ಹಳೆಯ ಕನ್ನಡ ಫೈಲುಗಳ ಕಥೆಯೂ ಅಷ್ಟೆ. ಆಗ ಒಂದು ಫಾಂಟಿನಲ್ಲಿ ಇದ್ದದ್ದು 256 ಮನೆಗಳು. ಆ ಮನೆಗಳು ಇಂಗ್ಲಿಷಿಗೂ ಯುರೋಪಿನ ಇತರ ಭಾಷೆಗಳಿಗೂ ಮೀಸಲು. ನಮ್ಮವರು ಕನ್ನಡದ ಅಕ್ಷರಗಳನ್ನು ತುಂಡು ತುಂಡು ಮಾಡಿ, ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ, ಆ ಮನೆಗಳಲ್ಲಿ ಬಾಡಿಗೆಗೆ ಇಟ್ಟರು. ಫೈಲಿನಲ್ಲಿ ಇರುವುದು ಪಿ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಫಾಂಟು ಹಾಕಿದರೆ ಅದು ‘ಕ’ ಎಂಬ ವೇಷ ಕಟ್ಟುತ್ತದೆ. ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದರೆ ವೇಷ ಕಳಚಿ ಪಿ ಆಗಿಯೇ ನಿಲ್ಲುತ್ತದೆ.

ಇದು ತಪ್ಪು ಅಂತ ಈಗ ಮೂಗು ಮುರಿಯುವವರಿದ್ದಾರೆ. ನಾನು ಆ ಗುಂಪಿನಲ್ಲಿಲ್ಲ. ‘ಬರಹ’ ಎಂಬ ತಂತ್ರಾಂಶ ಬಂದದ್ದು 1998ರಲ್ಲಿ, ಕನ್ನಡ ಗಣಕ ಪರಿಷತ್ತಿನ ನುಡಿ ಬಂದದ್ದು ಅದರ ಬೆನ್ನಿಗೆ. ಕಂಪ್ಯೂಟರಿನಲ್ಲಿ ಕನ್ನಡ ಕಾಣುವುದೇ ಪವಾಡವಾಗಿದ್ದ ಕಾಲ ಅದು. ಆ ಬಾಡಿಗೆ ಮನೆಯಲ್ಲೇ ನಾವು ಸಾವಿರಾರು ಪುಸ್ತಕ ಮಾಡಿದೆವು.

ಈಗ ಉಪಾಯ. ಅಕ್ಷರಗಳ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಮೇಲೆ ಫಾಂಟಿನ ಹೆಸರು ಬರುವ ಪೆಟ್ಟಿಗೆ ನೋಡಿ. ಆ ಫಾಂಟು ನಿಮ್ಮಲ್ಲಿ ಇಲ್ಲದಿದ್ದರೂ ವರ್ಡ್ ಅದರ ಹೆಸರು ತೋರಿಸುತ್ತದೆ. ನುಡಿ ಅಂತಲೋ, ಬರಹದ ಬಿ-ಆರ್-ಎಚ್ ಅಂತಲೋ ಇದ್ದರೆ ಗೆದ್ದಿರಿ. ನುಡಿಯಲ್ಲಾಗಲಿ ಬರಹದಲ್ಲಾಗಲಿ ಹಳೆಯದನ್ನು ಯೂನಿಕೋಡಿಗೆ, ಅಂದರೆ ಕನ್ನಡದ ಅಕ್ಷರಗಳಿಗೆ ಸ್ವಂತ ಮನೆ ಇರುವ ಈಗಿನ ವ್ಯವಸ್ಥೆಗೆ, ತಿರುಗಿಸುವ ಪರಿವರ್ತಕ ಜೊತೆಯಲ್ಲೇ ಬರುತ್ತದೆ. ಕನ್ನಡದ ಹುಡುಗರು ಬಿಡುವಿನಲ್ಲಿ ಬರೆದು ಪುಕ್ಕಟೆ ಬಿಟ್ಟಿರುವ ಪರಿವರ್ತಕಗಳು ಬ್ರೌಸರಿನಲ್ಲೂ ಸಿಗುತ್ತವೆ. ಸೋಬಾನೆಗೆ ಅದು ಸಾಕು. ಆದರೆ ಜಮೀನಿನ ಕರಾರನ್ನೋ ಕೋರ್ಟಿನ ಕಾಗದವನ್ನೋ ಕಂಡಕಂಡಲ್ಲಿ ಅಂಟಿಸಬೇಡಿ. ಅಂಥದ್ದಕ್ಕೆ ನಿಮ್ಮ ಯಂತ್ರದಲ್ಲೇ ಕೂತು ಕೆಲಸ ಮಾಡುವ ಪರಿವರ್ತಕ ಬಳಸಿ. ಫಾಂಟಿನ ಹೆಸರು ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ್ದಾಗಿದ್ದರೆ ಅದರ ಮನೆಗಳ ಪಟ್ಟಿಯೇ ಬೇರೆ, ಅದಕ್ಕೆ ಬೇರೆ ಪರಿವರ್ತಕ ಬೇಕು.

ಪರಿವರ್ತಕದ ಒಳಗೆ ನಡೆಯುವುದು ಬರೀ ಅದಲು ಬದಲು ಅಲ್ಲ, ಸ್ವಲ್ಪ ಸ್ವಾರಸ್ಯ ಇದೆ. ಹಳೆಯ ಫೈಲಿನಲ್ಲಿ ‘ಮ’ ಅಂದರೆ ‘ವ’ಕಾರಕ್ಕೆ ಒಂದು ಕೊಂಬು. ‘ವು’ ಅಂದರೆ ಅದೇ ‘ವ’ಕಾರಕ್ಕೆ ಇನ್ನೊಂದು ಕೊಂಬು. ಇನ್ನು ಅರ್ಕಾವತ್ತು. ‘ಧರ್ಮ’ ಅನ್ನುವಾಗ ರಕಾರ ಬಾಯಲ್ಲಿ ಮೊದಲು ಬರುತ್ತದೆ, ಕಾಗದದ ಮೇಲೆ ಕೊನೆಗೆ ಬರುತ್ತದೆ. ಹಳೆಯ ಫೈಲು ಕಣ್ಣಿನ ಮಾತು ಕೇಳುತ್ತಿತ್ತು, ಯೂನಿಕೋಡು ಕಿವಿಯ ಮಾತು ಕೇಳುತ್ತದೆ. ಹಾಗಾಗಿ ಪರಿವರ್ತಕ ಆ ರಕಾರವನ್ನು ಕೊನೆಯಿಂದ ಎತ್ತಿ ‘ಮ’ಕಾರಕ್ಕಿಂತ ಮೊದಲು ತಂದು ಕೂರಿಸಬೇಕು. ಈ ಜಾಗದಲ್ಲೇ ಪರಿವರ್ತಕಗಳು ಎಡವುವುದು. ತಿರುಗಿಸಿದ ಮೇಲೆ ಸೂರ್ಯ, ಕರ್ಪೂರ, ಅರ್ಧ ಇಂಥ ಪದಗಳನ್ನು ಹುಡುಕಿ ನೋಡಿ. ಅವು ಸರಿ ಇದ್ದರೆ ಹೆಚ್ಚುಕಡಿಮೆ ಉಳಿದದ್ದೂ ಸರಿ.

ಇನ್ನೊಂದು ತಮಾಷೆ. ಫೈಲಿನಲ್ಲಿ ನಿಜವಾದ ಇಂಗ್ಲಿಷ್ ಎರಡು ಸಾಲು ಇದ್ದವು, ಡಿಟಿಪಿ ಅಂಗಡಿಯ ವಿಳಾಸ. ಪಾಪ, ಪರಿವರ್ತಕಕ್ಕೆ ಯಾವ ಪಿ ವೇಷ ಹಾಕಿದ್ದು, ಯಾವ ಪಿ ನಿಜವಾದ ಪಿ ಅಂತ ಹೇಗೆ ಗೊತ್ತಾಗಬೇಕು? ವಿಳಾಸ ಯಾವ ದೇಶದಲ್ಲೂ ಇಲ್ಲದ ಕನ್ನಡವಾಯಿತು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿ ನಕ್ಕರು. ಇಂಗ್ಲಿಷ್ ಬೆರೆತ ಫೈಲಾದರೆ ಕನ್ನಡದ ಭಾಗ ಮಾತ್ರ ಕತ್ತರಿಸಿ ತಿರುಗಿಸಿ. 

ಇಲ್ಲಿ ಒಂದು ಎಚ್ಚರ. ಪಿ, ಪೌಂಡು, ಕ್ಯೂ ಕಂಡರೆ ಹೆದರಬೇಡಿ, ಚೌಕ ಡಬ್ಬಿಗಳು ಕಂಡರೂ ಹೆದರಬೇಡಿ. ಡಬ್ಬಿ ಅಂದರೆ ಅಕ್ಷರ ಇದೆ, ತೋರಿಸುವ ಫಾಂಟಿಲ್ಲ ಅಷ್ಟೆ. ‘ನೋಟೋ ಸಾನ್ಸ್ ಕನ್ನಡ’ ಅಂತ ಒಂದು ಉಚಿತ ಫಾಂಟು ಹಾಕಿಕೊಂಡರೆ ಮುಗಿಯಿತು. ಹೆದರಬೇಕಾದ್ದು ಸಾಲುಸಾಲು ಪ್ರಶ್ನೆಚಿಹ್ನೆ ಕಂಡಾಗ. ಹಳೆಯ ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಯೂನಿಕೋಡ್ ಕನ್ನಡ ಬರೆದು, ಅದು ಕೊಟ್ಟ ಎಚ್ಚರಿಕೆ ಓದದೆ, ಕನ್ನಡಕ್ಕೆ ಜಾಗವಿಲ್ಲದ ‘ಆನ್ಸಿ’ ಎಂಬ ಹಳೆಯ ಬಗೆಯಲ್ಲೇ ಉಳಿಸಿದರೆ ಹೀಗಾಗುತ್ತಿತ್ತು. ಪ್ರತಿ ಅಕ್ಷರದ ಜಾಗದಲ್ಲೂ ನಿಜವಾಗಿಯೇ ಒಂದು ಪ್ರಶ್ನೆಚಿಹ್ನೆ ಕೂತುಬಿಡುತ್ತದೆ, ಅದರ ಹಿಂದೆ ಯಾರೂ ಇರುವುದಿಲ್ಲ. ಅದನ್ನು ವಾಪಸು ತರುವ ಪರಿವರ್ತಕವೇ ಇಲ್ಲ. ಉಳಿಸುವಾಗ ‘ಯುಟಿಎಫ್-8’ ಅಂತ, ಅಂದರೆ ಯೂನಿಕೋಡನ್ನು ಉಳಿಸುವ ಬಗೆ, ಇದೆಯೇ ನೋಡಿಕೊಳ್ಳಿ. 2019ರ ನಂತರದ ವಿಂಡೋಸ್ 10ರಲ್ಲಿ ಅದು ತಾನಾಗಿಯೇ ಹಾಗಿರುತ್ತದೆ.

ಮೇಷ್ಟ್ರ ಕಥೆಗೆ ಬರುತ್ತೇನೆ. ಪದಗಳೆಲ್ಲ ಕನ್ನಡವಾದವು. ‘ನಮ್ಮಮ್ಮ ಹಾಡಿದ್ದ ಗಂಗೆಯ ಪದ ಹುಡುಕಿ’ ಅಂದರು. ಗಂಗೆ ಅಂತ ಟೈಪಿಸಿ ಹುಡುಕಿದರೆ ಕೆಲವು ಕಡೆ ಸಿಕ್ಕಿತು. ಹಿಂದಿನ ಪುಟದಲ್ಲಿ ಕಣ್ಣಿಗೆ ಕಾಣುತ್ತಿದ್ದ ಗಂಗೆ ಸಿಗಲೇ ಇಲ್ಲ. ಬಹಳ ಹೊತ್ತು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು. ಆ ಪುಟಗಳನ್ನು ಆಮೇಲೆ ಯಾರೋ ಯೂನಿಕೋಡಿನಲ್ಲೇ ಟೈಪು ಮಾಡಿಕೊಟ್ಟಿದ್ದರು. ಅವರು ‘ಗ’ ಒತ್ತಿ, ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ್ದರು! ನೋಡುವುದಕ್ಕೆ ಎರಡೂ ಒಂದೇ ಉಂಗುರ. ಕಂಪ್ಯೂಟರಿಗೆ ಒಂದು ಅಂಕಿ, ಇನ್ನೊಂದು ಅಕ್ಷರದ ಅಂಗ. ಅದು ಓದುವುದು ‘ಗ, ಸೊನ್ನೆ, ಗೆ’ ಅಂತ.

ಈ ಸೊನ್ನೆಯ ಕಾಟ ಅಂತರ್ಜಾಲದ ಕನ್ನಡದಲ್ಲಿ ಇವತ್ತಿಗೂ ಇದೆ. ಸೊನ್ನೆ ಹಾಕಿದ ಬೆಂಗಳೂರು ಹುಡುಕಿದರೆ ಸಿಗದು. ಕಣ್ಣು ಕಾಣದವರಿಗಂತೂ ಹಿಂಸೆ. ‘ಎನ್‌ವಿಡಿಎ’ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುತ್ತದೆ. ಸೊನ್ನೆ ಇದ್ದಲ್ಲಿ ಅದು ಸೊನ್ನೆಯನ್ನೇ ಓದಬೇಕು, ಹಳೆಯ ನುಡಿ ಫೈಲಾದರೆ ಪಿ, ಪೌಂಡನ್ನೇ ಓದಬೇಕು. ಪರಿಹಾರ ಸುಲಭ. ವರ್ಡಿನಲ್ಲಾಗಲಿ ಲಿಬ್ರೆ ಆಫೀಸಿನಲ್ಲಾಗಲಿ ಕಂಟ್ರೋಲ್ ಮತ್ತು ಎಚ್ ಒತ್ತಿ, ಹುಡುಕುವ ಜಾಗಕ್ಕೆ ಸೊನ್ನೆ, ಬದಲಿಸುವ ಜಾಗಕ್ಕೆ ಅನುಸ್ವಾರ. ಆದರೆ ‘ಎಲ್ಲವನ್ನೂ ಬದಲಿಸು’ ಗುಂಡಿ ಒತ್ತಬೇಡಿ, ಒಂದೊಂದಾಗಿ ಕೇಳಿಸಿಕೊಂಡು ಬದಲಿಸಿ. ನಾನು ಅವಸರಪಟ್ಟೆ. ಮೇಷ್ಟ್ರ ತಾಯಿ ಹುಟ್ಟಿದ ಇಸವಿ ಕನ್ನಡ ಅಂಕಿಯಲ್ಲಿತ್ತು, ಅದರ ಕೊನೆಯ ಸೊನ್ನೆ ಅನುಸ್ವಾರವಾಯಿತು. ಮಾಡಿದ್ದನ್ನು ರದ್ದು ಮಾಡುವ ಕಂಟ್ರೋಲ್ ಜೆಡ್ ಇರುವುದು ಇಂಥ ನನ್ನಂಥವರಿಗಾಗಿ.

ಮುನ್ನುಡಿ ಮಾತ್ರ ಫೈಲಿನಲ್ಲಿರಲಿಲ್ಲ, ಅಚ್ಚಾದ ಎರಡು ಹಾಳೆಯಲ್ಲಿತ್ತು. ಮತ್ತೆ ಟೈಪು ಮಾಡಬೇಕಿಲ್ಲ. ಕಿಟಕಿಯ ಬೆಳಕಿನಲ್ಲಿ ನೇರವಾಗಿ ಫೋಟೋ ತೆಗೆದು, ಗೂಗಲ್ ಡ್ರೈವಿಗೆ ಹಾಕಿ, ಆ ಚಿತ್ರವನ್ನು ‘ಗೂಗಲ್ ಡಾಕ್ಸ್‌ನಲ್ಲಿ ತೆರೆ’ ಅಂದೆ. ಚಿತ್ರದ ಕೆಳಗೆ ಅಕ್ಷರ ಬಂತು. ಕಾಪಿ ಮಾಡಿದರೆ ಕಲಸುಮೇಲೋಗರವಾಗುವ ಕನ್ನಡ ಪಿಡಿಎಫ್‌ಗಳಿಗೂ ಇದೇ ಮದ್ದು. ‘ಪ’ ಇದ್ದಲ್ಲಿ ‘ವ’, ‘ಘ’ ಇದ್ದಲ್ಲಿ ‘ಫ’ ಬಂದಿರುತ್ತದೆ, ಒಮ್ಮೆ ಕಣ್ಣಾಡಿಸಬೇಕು.

ಪುಸ್ತಕ ಮಾಡುವವರಿಗೆ ಒಂದು ಮಾತು. ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಕನ್ನಡ ಒಗ್ಗುವುದಿಲ್ಲ. ಅದಕ್ಕೇ ‘ನುಡಿಯಲ್ಲೇ ಕೊಡಿ’ ಅಂತ ಮುದ್ರಣಾಲಯದವರು ಈಗಲೂ ಕೇಳುವುದು. ಅದೇ ಕೆಲಸದ ಇನ್ನೊಂದು ತಂತ್ರಾಂಶ ಇನ್‌ಡಿಸೈನಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಪ್ಯಾರಾಗ್ರಾಫ್ ಪಟ್ಟಿಯಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿ. 2012ರಿಂದಲೇ ಅದರಲ್ಲಿ ಕನ್ನಡ ಕೂಡಿಕೊಳ್ಳುತ್ತದೆ.

ಮೇಷ್ಟ್ರಿಗೆ ಇಷ್ಟೆಲ್ಲ ಮುಗಿದ ಮೇಲೆ ತಾವೇ ಟೈಪು ಮಾಡುವ ಉಮೇದು ಬಂತು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡದ ಕೀಲಿಮಣೆ ತೋರಿಸಿದೆ. ಕೆ, ಎನ್, ಎಫ್, ಎನ್, ಡಬ್ಲ್ಯು. ಐದು ಗುಂಡಿಗೆ ‘ಕನ್ನಡ’. ಎಫ್ ಒತ್ತಿದರೆ ಒತ್ತಕ್ಷರ ಕಟ್ಟುತ್ತದೆ. ವಾರದೊಳಗೆ ಬೆರಳು ಪಳಗಿತು.

ಪದಗಳನ್ನೆಲ್ಲ ಅವರು ವಾಟ್ಸಾಪಿನಲ್ಲಿ ಅಕ್ಕನಿಗೆ ಕಳಿಸಿದರು. ಆಕೆಗೆ ಎಂಬತ್ತು ದಾಟಿದೆ, ತೀರ್ಥಹಳ್ಳಿಯ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಈ ಸಲ ಯಾವ ಫಾಂಟೂ ಬೇಕಾಗಲಿಲ್ಲ, ಮೊಮ್ಮಗಳು ಫೋನಿನಲ್ಲೇ ಓದಿ ಹೇಳಿದಳಂತೆ. ರಾತ್ರಿ ಅಕ್ಕನ ಫೋನು ಬಂತು. ನಾಲ್ಕನೆಯ ಪದದ ಕೊನೆಯ ಎರಡು ಸಾಲು ಅಲ್ಲಿಯದಲ್ಲ, ಆರತಿ ಪದದ್ದು ಅಂತ. ಇವರು ಇಲ್ಲ ಅಂದರು. ಆಕೆ ಫೋನಿನಲ್ಲೇ ಹಾಡಿ ತೋರಿಸಿದರು. ಮೇಷ್ಟ್ರು ಫೋನನ್ನು ಮೇಜಿನ ಮೇಲೆ ಸ್ಪೀಕರಿಗೆ ಇಟ್ಟು, ಕನ್ನಡಕ ಹಾಕಿಕೊಂಡು, ‘ಇನ್ನೊಂದು ಸಲ ಹೇಳಕ್ಕಾ, ನಿಧಾನಕ್ಕೆ’ ಅನ್ನುತ್ತ ಟೈಪು ಮಾಡತೊಡಗಿದರು.

ನಮಸ್ಕಾರ.