ಪ್ಯಾಟ್ ಸಮಿಟ್: ಒಂದೇ ಕಾಲೇಜು, 38 ವರ್ಷ, 1,098 ಗೆಲುವು

[ಪರದೆಯ ಮೇಲೆ: ನಾಕ್ಸ್‌ವಿಲ್, ಟೆನೆಸಿ, 1974]

ನಮಸ್ಕಾರ. ಒಬ್ಬ ಕೋಚ್ ಬಗ್ಗೆ ಹೇಳ್ತೀನಿ, ಕೇಳಿ. ವಯಸ್ಸು 22. ತಂಡದ ವ್ಯಾನ್ ಓಡಿಸುತ್ತಿದ್ದವರು ಅವರೇ. ಆಟ ಮುಗಿದ ಮೇಲೆ ಎಲ್ಲರ ಜರ್ಸಿ ಒಗೆಯುತ್ತಿದ್ದವರೂ ಅವರೇ. ಆ ಜರ್ಸಿಗಳನ್ನು ಕೊಂಡಿದ್ದು ಹಿಂದಿನ ವರ್ಷ ಡೋನಟ್ ಮಾರಿ ಬಂದ ದುಡ್ಡಿನಲ್ಲಿ. ತಿಂಗಳಿಗೆ ಸಿಗುತ್ತಿದ್ದದ್ದು 250 ಡಾಲರ್. ಒಮ್ಮೆಯಂತೂ ಬೇರೆ ಊರಿಗೆ ಆಡಲು ಹೋದಾಗ, ಎದುರಾಳಿಗಳ ಜಿಮ್‌ನಲ್ಲೇ ಚಾಪೆ ಹಾಸಿಕೊಂಡು ಇಡೀ ತಂಡ ಮಲಗಿತ್ತು.

ಅವರೇ ಪ್ಯಾಟ್ ಸಮಿಟ್. ಟೆನೆಸಿ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದ ಹೆಡ್ ಕೋಚ್.

ಅಲ್ಲಿಗೆ ಅವರು ಬಂದಿದ್ದು ಸಹಾಯಕಿಯಾಗಿ. ಎಂ.ಎ. ಮಟ್ಟದ ಓದು, ಜೊತೆಗೆ ಪಾಠ ಮಾಡುವುದು, ಏಟು ಬಿದ್ದ ಮಂಡಿಯನ್ನು ಸರಿ ಮಾಡಿಕೊಂಡು ಒಲಿಂಪಿಕ್ಸ್‌ಗೆ ತಯಾರಾಗುವುದು. ಅಷ್ಟರಲ್ಲಿ ಇದ್ದ ಕೋಚ್ ರಜೆ ಮೇಲೆ ಹೋದರು, ಇಡೀ ತಂಡ ಇವರ ಕೈಗೆ ಬಂತು. ಆಟಗಾರ್ತಿಯರಲ್ಲಿ ನಾಲ್ವರಿಗೆ ಆಗಲೇ 21 ವರ್ಷ! ಮೊದಲ ಪಂದ್ಯ ಮರ್ಸರ್ ವಿರುದ್ಧ. ಸೋತದ್ದು ಒಂದೇ ಒಂದು ಪಾಯಿಂಟ್‌ನಿಂದ, 84–83.

[ದೃಶ್ಯ: ಹುಲ್ಲಿನ ಅಟ್ಟ, ಗೋಡೆಗೆ ಹೊಡೆದ ಬ್ಯಾಸ್ಕೆಟ್]

ಪ್ಯಾಟ್ ಬೆಳೆದಿದ್ದು ಹೈನುಗಾರಿಕೆ ಮಾಡುವ ರೈತ ಕುಟುಂಬದಲ್ಲಿ. ಹಗಲೆಲ್ಲ ಹೊಲದ ಕೆಲಸ. ರಾತ್ರಿ ಹುಲ್ಲು ಪೇರಿಸುವ ಅಟ್ಟದಲ್ಲಿ ಮೂವರು ಅಣ್ಣಂದಿರ ಜೊತೆ ಬ್ಯಾಸ್ಕೆಟ್‌ಬಾಲ್. ಅವರಿದ್ದ ಕಡೆಯ ಶಾಲೆಯಲ್ಲಿ ಹುಡುಗಿಯರ ತಂಡ ಇರಲಿಲ್ಲ. ಮಗಳು ಆಡಲಿ ಅಂತ ಇಡೀ ಕುಟುಂಬ ಹೆನ್ರಿಯೆಟ್ಟಾ ಎಂಬ ಊರಿಗೆ ಮನೆ ಬದಲಿಸಿತು. ಆ ಕಾಲದಲ್ಲಿ ಒಬ್ಬ ಅಪ್ಪ ಇಂಥ ತೀರ್ಮಾನ ತಗೊಂಡಿದ್ದು ಸಣ್ಣ ಮಾತಲ್ಲ.

1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್. ಮಹಿಳಾ ಬ್ಯಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಬಂದದ್ದೇ ಆಗ. ಅದೇ ಮಂಡಿ ಇಟ್ಟುಕೊಂಡು ಪ್ಯಾಟ್ ಅಮೆರಿಕಕ್ಕೆ ಬೆಳ್ಳಿ ತಂದ ತಂಡದಲ್ಲಿ ಆಡಿದರು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೋಚ್ ಆಗಿ ಚಿನ್ನ ಗೆದ್ದರು.

ಈಗ ಒಂದು ವಿಷಯ ಅರ್ಥ ಮಾಡಿಕೊಳ್ಳೋಣ. ಇದು ಗೊತ್ತಿಲ್ಲದಿದ್ದರೆ ಪ್ಯಾಟ್ ಮಾಡಿದ ಕೆಲಸ ಎಷ್ಟು ದೊಡ್ಡದು ಅಂತ ತಿಳಿಯುವುದಿಲ್ಲ.

1972ರಲ್ಲಿ ಅಮೆರಿಕದಲ್ಲಿ ‘ಟೈಟಲ್ ನೈನ್’ ಎಂಬ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಾಲೆ, ಕಾಲೇಜುಗಳು ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ. ಕ್ರೀಡೆಗೂ ಅದು ಅನ್ವಯ. ಆದರೆ ಕಾನೂನು ಬಂದ ಮಾತ್ರಕ್ಕೆ ಬಸ್ಸು, ಸಂಬಳ, ಪ್ರೇಕ್ಷಕರು ಬಂದುಬಿಡುತ್ತಾರಾ? ಕಾಲೇಜು ಕ್ರೀಡೆಯನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಟೂರ್ನಿ ಶುರು ಮಾಡಿದ್ದೇ 1982ರಲ್ಲಿ. ಅಂದರೆ ಪ್ಯಾಟ್ ಎಂಟು ವರ್ಷ ಕೆಲಸ ಮಾಡಿದ ಮೇಲೆ!

ಇನ್ನೊಂದು ಕಷ್ಟ ಇದೆ. ಕಾಲೇಜು ತಂಡದಲ್ಲಿ ಒಬ್ಬ ಹುಡುಗಿ ಸಾಮಾನ್ಯವಾಗಿ ಆಡುವುದು ನಾಲ್ಕು ಸೀಸನ್. ಚೆನ್ನಾಗಿ ಕಲಿತಳು ಅನ್ನುವಷ್ಟರಲ್ಲಿ ಪದವಿ ಮುಗಿಸಿ ಹೊರಟುಬಿಡುತ್ತಾಳೆ. ಕೋಚ್ ಮತ್ತೆ ಹೈಸ್ಕೂಲ್ ಹುಡುಗಿಯರನ್ನು ಹುಡುಕಬೇಕು, ಅವರ ಮನೆಗೇ ಹೋಗಿ ಅಪ್ಪ ಅಮ್ಮನ ಎದುರು ಕೂತು ಮಾತಾಡಬೇಕು. ಇದಕ್ಕೆ ಅಲ್ಲಿ ‘ರಿಕ್ರೂಟಿಂಗ್’ ಅನ್ನುತ್ತಾರೆ. ಕೋಚ್ ಕೆಲಸದ ಅರ್ಧ ಭಾರ ಇದೇ.

[ದೃಶ್ಯ: ಸಣ್ಣ ವಿಮಾನ, ಕೆಳಗೆ ಬೆಟ್ಟಗಳು]

1990ರ ಸೆಪ್ಟೆಂಬರ್. ಪ್ಯಾಟ್ ತುಂಬು ಗರ್ಭಿಣಿ. ಆದರೂ ಪೆನ್ಸಿಲ್ವೇನಿಯಾಕ್ಕೆ ಹೋಗಿ ಮಿಶೆಲ್ ಮಾರ್ಸಿನಿಯಾಕ್ ಎಂಬ ಹುಡುಗಿಯ ಮನೆಯಲ್ಲಿ ಕೂತಿದ್ದರು. ಅಲ್ಲೇ ಹೆರಿಗೆ ನೋವು ಶುರುವಾಯಿತು. ವಿಮಾನ ವಾಪಸ್ ಹೊರಟಿತು. ದಾರಿಯಲ್ಲಿ ವರ್ಜೀನಿಯಾದಲ್ಲಿ ಇಳಿಸಲೇ ಅಂತ ಪೈಲಟ್ ಕೇಳಿದಾಗ, ಬೇಡವೇ ಬೇಡ ಅಂದರು ಪ್ಯಾಟ್. ಯಾಕೆ ಗೊತ್ತಾ? ಅದೇ ವರ್ಷ ವರ್ಜೀನಿಯಾ ತಂಡ ಟೆನೆಸಿಯನ್ನು ಸೋಲಿಸಿ ‘ಫೈನಲ್ ಫೋರ್’ಗೆ, ಅಂದರೆ ಎನ್‌ಸಿಎಎ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತಕ್ಕೆ, ಹೋಗದಂತೆ ಮಾಡಿತ್ತು. ಆ ಸಲ ಫೈನಲ್ ಫೋರ್ ನಡೆದದ್ದು ಪ್ಯಾಟ್ ಅವರ ಊರಾದ ನಾಕ್ಸ್‌ವಿಲ್‌ನಲ್ಲೇ! ಮಗ ಟೈಲರ್ ಟೆನೆಸಿಯಲ್ಲೇ ಹುಟ್ಟಿದ. ಮಿಶೆಲ್ ಮೊದಲು ಬೇರೆ ಕಾಲೇಜು ಸೇರಿದಳು. ಆಮೇಲೆ ಟೆನೆಸಿಗೇ ಬಂದಳು. 1996ರಲ್ಲಿ ತಂಡ ಚಾಂಪಿಯನ್ ಆದಾಗ ಫೈನಲ್ ಫೋರ್‌ನ ಅತ್ಯುತ್ತಮ ಆಟಗಾರ್ತಿ ಅವಳೇ.

ಮೊದಲ ಎನ್‌ಸಿಎಎ ಪ್ರಶಸ್ತಿ ಬಂದದ್ದು 1987ರಲ್ಲಿ. ಅಲ್ಲಿಗೆ ಕೋಚ್ ಆಗಿ ಹದಿಮೂರನೇ ಸೀಸನ್. ಒಟ್ಟು ಎಂಟು ಸಲ ಗೆದ್ದರು, ಕೊನೆಯದು 2008ರಲ್ಲಿ. ಎಲ್ಲರೂ 1998ರ ತಂಡವನ್ನು ಹೊಗಳುತ್ತಾರೆ. ಚಮೀಕ್ ಹೋಲ್ಡ್ಸ್‌ಕ್ಲಾ, ತಮಿಕಾ ಕ್ಯಾಚಿಂಗ್ಸ್ ಇದ್ದ ಆ ತಂಡ 39 ಪಂದ್ಯ ಆಡಿ 39ನ್ನೂ ಗೆದ್ದಿತು. ಆದರೆ ನನಗೆ 1997ರದ್ದೇ ದೊಡ್ಡದು ಅನ್ನಿಸುತ್ತದೆ. ಆ ಸೀಸನ್‌ನಲ್ಲಿ 10 ಪಂದ್ಯ ಸೋತಿದ್ದರು. ಹತ್ತು ಸೋತ ತಂಡವನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಅದೇ ತಂಡವನ್ನು ಕೊನೆಯ ತಿಂಗಳಲ್ಲಿ ಕಟ್ಟಿ ನಿಲ್ಲಿಸಿ ಕಪ್ ಎತ್ತಿದರು. ಒಳ್ಳೆಯ ಆಟಗಾರ್ತಿಯರನ್ನು ಇಟ್ಟುಕೊಂಡು ಗೆಲ್ಲುವುದು ಒಂದು. ತಡವರಿಸುತ್ತಿರುವವರನ್ನು ಗೆಲ್ಲಿಸುವುದು ಬೇರೆಯೇ, ಅಲ್ವಾ?

ಶಿಸ್ತು ಬಹಳ ಕಟ್ಟುನಿಟ್ಟು. ತರಗತಿಯಲ್ಲಿ ಮೊದಲ ಮೂರು ಸಾಲಿನಲ್ಲೇ ಕೂರಬೇಕು. ಸುಮ್ನೆ ಕ್ಲಾಸ್ ತಪ್ಪಿಸಿದರೆ ಪಂದ್ಯದಲ್ಲಿ ಆಡುವಂತಿಲ್ಲ, ಎಷ್ಟೇ ದೊಡ್ಡ ಸ್ಟಾರ್ ಆಗಿರಲಿ. ಟೆನೆಸಿಯಲ್ಲಿ ಪೂರ್ತಿ ಅವಧಿ ಆಡಿದ ಪ್ರತಿಯೊಬ್ಬ ಹುಡುಗಿಯೂ ಪದವಿ ಪಡೆದಳು. 1,098 ಗೆಲುವಿಗಿಂತ ಈ ಮಾತು ನನಗೆ ಜಾಸ್ತಿ ಹತ್ತಿರ.

250 ಡಾಲರ್‌ನಿಂದ ಶುರುವಾದವರು 2006ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರ್ ದಾಟಿದ ಮೊದಲ ಮಹಿಳಾ ಬ್ಯಾಸ್ಕೆಟ್‌ಬಾಲ್ ಕೋಚ್ ಆದರು. ಆ ದಾರಿ ಅವರ ಹಿಂದೆ ಬಂದವರಿಗೂ ತೆರೆಯಿತು.

[ಸಂಗೀತ ನಿಧಾನವಾಗಿ ಕಡಿಮೆ]

2011ರ ಆಗಸ್ಟ್. ತಮಗೆ ಅಲ್ಝೈಮರ್ ಕಾಯಿಲೆ ಶುರುವಾಗಿದೆ ಅಂತ ಪ್ಯಾಟ್ ಎಲ್ಲರಿಗೂ ತಿಳಿಸಿದರು. ಆಗ ಅವರಿಗೆ ಬರೀ 59. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಇನ್ನೂ ಒಂದು ಸೀಸನ್ ಬೆಂಚಿನಲ್ಲಿ ಕೂತರು. ಪಂದ್ಯದ ಹೊತ್ತಿನ ಹೆಚ್ಚಿನ ಕೆಲಸವನ್ನು ಹಾಲಿ ವಾರ್ಲಿಕ್ ನೋಡಿಕೊಂಡರು. ಹಾಲಿ ಎಪ್ಪತ್ತರ ದಶಕದಲ್ಲಿ ಪ್ಯಾಟ್ ಕೈಕೆಳಗೇ ಆಡಿದವರು, ಆಮೇಲೆ ವರ್ಷಗಟ್ಟಲೆ ಅವರ ಸಹಾಯಕಿ.

2012ರ ಏಪ್ರಿಲ್‌ನಲ್ಲಿ ಪ್ಯಾಟ್ ಕೆಲಸ ಬಿಟ್ಟರು. 38 ಸೀಸನ್‌ಗಳಲ್ಲಿ ಒಂದರಲ್ಲೂ ಗೆಲುವಿಗಿಂತ ಸೋಲು ಹೆಚ್ಚಾಗಿರಲಿಲ್ಲ. ಪತ್ರಕರ್ತರ ಮುಂದೆ ತಮ್ಮ ಸೀಟಿಯನ್ನು ಹಾಲಿ ಕೈಗೆ ಕೊಟ್ಟರು. 2016ರ ಜೂನ್ 28ರಂದು ತೀರಿಕೊಂಡರು. 64 ವರ್ಷ ಆಗಿತ್ತು.

[ಕೊನೆಯ ದೃಶ್ಯ: ನಾಕ್ಸ್‌ವಿಲ್‌ನಲ್ಲಿ ಟೆನೆಸಿ ತಂಡದ ಬ್ಯಾಸ್ಕೆಟ್‌ಬಾಲ್ ಅಂಗಳ. ಅದಕ್ಕೆ ಇಟ್ಟಿರುವ ಹೆಸರು ‘ದಿ ಸಮಿಟ್’]