600 ಗಾಬ್ಲಿನ್‌ಗಳು, 11 ಗೊಂಬೆಗಳು: ಊಟದ ಟೇಬಲ್ ಮೇಲೆ ದೊಡ್ಡ ಯುದ್ಧ

[ದೃಶ್ಯ: ಟೇಬಲ್ ಮೇಲೆ ಸಾಲಾಗಿ ಇಟ್ಟ ರಟ್ಟಿನ ತುಂಡುಗಳು. ಹಿಂದೆ ಕೆಂಪು ಬಣ್ಣದ ಥರ್ಮಾಕೋಲ್ ಕೋಟೆ.]

ನಮಸ್ಕಾರ ಗೆಳೆಯರೇ. ಬೀದರ್‌ನಿಂದ ಮಾತಾಡುತ್ತಿದ್ದೇನೆ. ಇದು ನಮ್ಮ ಭಾನುವಾರದ ಟೇಬಲ್. ಇಲ್ಲಿ ಆಡುವುದು ಡಂಜನ್ಸ್ ಆಂಡ್ ಡ್ರ್ಯಾಗನ್ಸ್: ಒಬ್ಬೊಬ್ಬರೂ ಒಂದು ಪಾತ್ರವಾಗಿ, ಡೈಸ್ ಉರುಳಿಸಿ ಕಥೆ ನಡೆಸುವ ಆಟ. ಕೋಟೆಯೊಳಗೆ 200 ಸೈನಿಕರು ಇದ್ದಾರೆ. ಹೊರಗೆ 600 ಗಾಬ್ಲಿನ್‌ಗಳು, ಅಂದರೆ ಕಥೆಗಳಲ್ಲಿ ಬರುವ ಕುಳ್ಳ ರಾಕ್ಷಸರು. ನಮ್ಮ ಹತ್ತಿರ ಇರುವ ಗಾಬ್ಲಿನ್ ಗೊಂಬೆಗಳು ಮಾತ್ರ 11.

ಅಷ್ಟರಲ್ಲೇ ಯುದ್ಧ ನಡೆಯುತ್ತದೆ, ಅದೂ ಚೆನ್ನಾಗಿ ನಡೆಯುತ್ತದೆ. ಹೇಗೆ ಅಂತ ಇವತ್ತು ತೋರಿಸುತ್ತೇನೆ.

ಮೊದಲ ಸಲ ನಾವು ಹೀಗೆ ಆಡಿರಲಿಲ್ಲ. ಆಗ ಇದ್ದದ್ದು 40 ಗಾಬ್ಲಿನ್ ಅಷ್ಟೇ. ಒಂದೊಂದಕ್ಕೂ ಬೇರೆ ಡೈಸ್, ಬೇರೆ ಹಿಟ್ ಪಾಯಿಂಟ್, ಅಂದರೆ ಎಷ್ಟು ಏಟು ತಡೆಯುತ್ತದೆ ಅನ್ನುವ ಲೆಕ್ಕ. ಒಂದು ಸುತ್ತು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ನಮ್ಮ ಗುಂಪಿನ ಚಿಕ್ಕ ಹುಡುಗ ಹೊರಗೆ ಹೋಗಿ ಚಹಾ ಕುಡಿದು ಬಂದು, "ಅಣ್ಣಾ, ನನ್ನ ಪಾಳಿ ಯಾವಾಗ ಬರ್ತದ?" ಅಂದ. ಆ ಮಾತು ನನಗೆ ತಟ್ಟಿತು. ಯುದ್ಧ ಅಂದರೆ ಎಲ್ಲರ ಎದೆ ಹೊಡೆದುಕೊಳ್ಳಬೇಕು, ಅಲ್ವಾ? ಅವನು ಸುಮ್ನೆ ಕೂತಿದ್ದ.

[ದೃಶ್ಯ: ಚದುರಂಗದ ಹಾಸು. ಕಾಲಾಳುಗಳ ಸಾಲು.]

ಉತ್ತರ ಚದುರಂಗದಲ್ಲೇ ಇದೆ. ಇಲ್ಲಿ 8 ಕಾಲಾಳು ಅಂದರೆ 8 ಜನ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಅದು ಒಂದು ಇಡೀ ಪಡೆ. ಒಂದು ಆನೆ ಅಂದರೆ ಆನೆಗಳ ದಂಡು. ಗೊಂಬೆ ಒಂದೇ, ಅದರ ಹಿಂದೆ ನಿಂತವರು ಬಹಳ ಜನ.

ನಾವು ಆಡುವ ಆಟದ ಬೇರೂ ಇದೇ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಬಂದದ್ದು 1974ರಲ್ಲಿ. ಅದಕ್ಕೂ ಮೊದಲು, 1971ರಲ್ಲಿ, ಚೈನ್‌ಮೇಲ್ ಅನ್ನುವ ಗೊಂಬೆ ಯುದ್ಧದ ನಿಯಮಗಳು ಬಂದವು. ಅಲ್ಲಿ ದೊಡ್ಡ ಯುದ್ಧದಲ್ಲಿ ಒಂದು ಗೊಂಬೆ 20 ಸೈನಿಕರ ಲೆಕ್ಕ. ಟೇಬಲ್ ಮೇಲಿನ 1 ಇಂಚು ಅಂದರೆ ನೆಲದ ಮೇಲೆ 10 ಗಜ, ಅಂದರೆ 30 ಅಡಿ. ಈ ಎರಡು ಅಳತೆಗಳನ್ನು ನಾನು ಹಾಗೇ ಎತ್ತಿಕೊಂಡಿದ್ದೇನೆ. ಉಳಿದದ್ದು ನಮ್ಮ ಮನೆಯ ನಿಯಮ.

[ದೃಶ್ಯ: ಒಂದು ರಟ್ಟಿನ ತುಂಡು ಹತ್ತಿರದಿಂದ.]

ಇದು ಒಂದು ತುಕಡಿ. ರಟ್ಟು 3 ಇಂಚು ಅಗಲ. ಫೆವಿಕಾಲ್ ಹಚ್ಚಿ ತೊಗರಿ ಕಾಳು ಅಂಟಿಸಿದ್ದೇವೆ. ಒಂದು ಕಾಳು ಒಬ್ಬ ಸೈನಿಕ. ಸರಿಯಾಗಿ 100 ಕಾಳು. ಕಲಬುರಗಿ ಕಡೆಯ ನೆಂಟರು ಚೀಲ ತಂದರೆ ನಮ್ಮ ಸೈನ್ಯಕ್ಕೆ ಬರವಿಲ್ಲ! ಮುಂದೆ ನಾಯಕನಾಗಿ ಒಂದೇ ಒಂದು ನಿಜವಾದ ಮಿನಿಯೇಚರ್ ನಿಲ್ಲಿಸಿ. ಬಣ್ಣ ಬಳಿದ ಆ ಒಂದು ಗೊಂಬೆ ಸಾಕು, ಹಿಂದಿನ ಕಾಳುಗಳೆಲ್ಲ ಗಾಬ್ಲಿನ್‌ಗಳಾಗಿ ಕಾಣುತ್ತವೆ. ಗೊಂಬೆ ಕೊಳ್ಳಲು ದುಡ್ಡಿಲ್ಲವೇ? ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈ ಅಲ್ವಾ ನಿಮ್ಮದು? ಒಂದು ಹಿಡಿ ಜೇಡಿಮಣ್ಣು ತನ್ನಿ.

ಇನ್ನು ಡೈಸ್. ತುಕಡಿಗೆ 5 ಬಲ. ಒಂದು ಬಲ ಅಂದರೆ 20 ಜನ. ಎಷ್ಟು ಬಲ ಉಳಿದಿದೆಯೋ ಅಷ್ಟು ಮಾಮೂಲಿ ಆರು ಮುಖದ ಡೈಸ್ ಒಟ್ಟಿಗೇ ಉರುಳಿಸಿ. 5 ಅಥವಾ 6 ಬಿದ್ದರೆ ಏಟು. ಎದುರಿಗಿರುವವರು ಗೋಡೆಯ ಹಿಂದಿದ್ದರೆ 6 ಮಾತ್ರ ಏಟು. ಒಂದು ಏಟಿಗೆ ಒಂದು ಬಲ ಕಡಿಮೆ. ಆ 20 ಜನರೂ ಸತ್ತರು ಅಂತಲ್ಲ. ಗಾಯಗೊಂಡವರು, ಹೆದರಿ ಹಿಂದೆ ಸರಿದವರು ಎಲ್ಲ ಅದರಲ್ಲೇ ಬಂದರು.

ಬಲ 2ಕ್ಕೆ ಇಳಿದಾಗ ಧೈರ್ಯದ ಪರೀಕ್ಷೆ. ಎರಡು ಡೈಸ್ ಹಾಕಿ, ಕೂಡಿಸಿ 7 ಅಥವಾ ಜಾಸ್ತಿ ಬಂದರೆ ನಿಲ್ಲುತ್ತಾರೆ. ಇಲ್ಲವಾದರೆ ಓಟ. 36 ಸಾಧ್ಯತೆಗಳಲ್ಲಿ 21 ನಿಲ್ಲುವ ಕಡೆಗಿವೆ. ಭರವಸೆ ಉಂಟು, ಆದರೆ ಖಾತ್ರಿ ಇಲ್ಲ. ದೊಡ್ಡ ಯುದ್ಧದ ಜೀವ ಇರುವುದೇ ಈ ನಿಯಮದಲ್ಲಿ ಅಂತ ನನ್ನ ಅನಿಸಿಕೆ. ಕೊನೆಯ ಸೈನಿಕ ಸಾಯುವವರೆಗೆ ಹೊಡೆದಾಡುವ ಸೈನ್ಯ ನಂಬುವಂತೆ ಇರುವುದಿಲ್ಲ.

[ದೃಶ್ಯ: ಟೇಬಲ್ ಮೇಲೆ ಅಳತೆ ಪಟ್ಟಿ. ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ.]

ಅಳತೆ ಬದಲಾದರೆ ಆಟವೇ ಬದಲಾಗುತ್ತದೆ, ಇಲ್ಲಿ ನೋಡಿ. ಸಾಮಾನ್ಯವಾಗಿ ನಾವು 1 ಇಂಚಿಗೆ 5 ಅಡಿ ಲೆಕ್ಕ ಹಿಡಿಯುತ್ತೇವೆ. ಆಗ 4 ಅಡಿ ಉದ್ದದ ಈ ಟೇಬಲ್ ಬರೀ 240 ಅಡಿ. ಇಲ್ಲಿ ಸೈನ್ಯ ತಿರುಗಲೂ ಜಾಗವಿಲ್ಲ. 30 ಅಡಿ ಲೆಕ್ಕಕ್ಕೆ ಬಂದರೆ ಅದೇ ಟೇಬಲ್ 1,440 ಅಡಿ. ಈಗ ಬಯಲು ಅನ್ನಬಹುದು.

ಆಟದ ಮಂತ್ರವಾದಿ ಎಸೆಯುವ ಬೆಂಕಿಯುಂಡೆ, ಅಂದರೆ ಫೈರ್‌ಬಾಲ್ ಮಂತ್ರ, 40 ಅಡಿ ಅಗಲ ಸುಡುತ್ತದೆ. ಮೊದಲ ಲೆಕ್ಕದಲ್ಲಿ ಅದು 8 ಇಂಚಿನ ದೊಡ್ಡ ವೃತ್ತ. ಹೊಸ ಲೆಕ್ಕದಲ್ಲಿ ಈ ನಾಣ್ಯಕ್ಕಿಂತ ಒಂಚೂರು ದೊಡ್ಡದು ಅಷ್ಟೇ. ನಮ್ಮ ತುಕಡಿಯಲ್ಲಿ ಮುಂದಿನ ಸಾಲಿಗೆ ಸುಮಾರು 30 ಜನ, ಒಟ್ಟು ಮೂರ್ನಾಲ್ಕು ಸಾಲು. ಆ ನಾಣ್ಯದಡಿ 40ರಷ್ಟು ಜನ ಸಿಕ್ಕುತ್ತಾರೆ, ಅಂದರೆ 2 ಬಲ. ಮಂತ್ರವಾದಿ ಈಗಲೂ ಭಯಂಕರನೇ, ಆದರೆ ಒಬ್ಬನೇ ಯುದ್ಧ ಮುಗಿಸಲಾರ.

[ದೃಶ್ಯ: ಕೋಟೆಯ ಮುಂದೆ ಮೂರು ಸಾಲು ಕಂದಕ.]

ಈ ಕೋಟೆ ಎಲ್ಲಿಯದು ಅಂತ ನಮ್ಮೂರಿನವರಿಗೆ ಹೇಳಬೇಕಿಲ್ಲ. ಬೀದರ್ ಕೋಟೆಗೆ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ ಇದೆ. ಚಿಕ್ಕಂದಿನಿಂದ ನೋಡಿದ್ದೆ. ಆದರೆ ಮೂರು ಯಾಕೆ ಅಂತ ಗೊಂಬೆ ಇಟ್ಟು ಆಡಿದ ಮೇಲೇ ತಿಳಿಯಿತು. ನಮ್ಮ ಆಟದಲ್ಲಿ ಒಂದು ಕಂದಕ ದಾಟಲು ಒಂದು ಪಾಳಿ ಬೇಕು. ಇಳಿದು ಹತ್ತುವಾಗ ಸಾಲು ಮುರಿಯುತ್ತದೆ, ತಿರುಗಿ ಹೊಡೆಯಲು ಆಗುವುದಿಲ್ಲ. ಅಷ್ಟು ಹೊತ್ತೂ ಮೇಲಿನಿಂದ ಬಾಣ. ಮೂರು ಕಂದಕ, ಮೂರು ಪಾಳಿ. ಗೋಡೆ ಮುಟ್ಟುವ ಹೊತ್ತಿಗೆ 5 ಬಲದ ತುಕಡಿ 2ಕ್ಕೆ ಬಂದಿರುತ್ತದೆ. ಅಂದಹಾಗೆ, ಥರ್ಮಾಕೋಲಿಗೆ ಈ ಬಣ್ಣ ಬಂದದ್ದು ನಮ್ಮ ಹೊಲದ ಕೆಮ್ಮಣ್ಣಿನಿಂದ. ಫೆವಿಕಾಲ್ ಜೊತೆ ಕಲಸಿ ಬಳಿದೆವು.

ಈಗ ನಿಮ್ಮ ಆಟಗಾರರ ಪಾತ್ರಗಳು. ಅವರನ್ನು ತುಕಡಿಯೊಳಗೆ ಸೇರಿಸಬೇಡಿ. ಅವರ ಗೊಂಬೆ ಬೇರೆಯೇ ನಿಲ್ಲಲಿ. ಚೈನ್‌ಮೇಲ್‌ನಲ್ಲಿ ಒಬ್ಬ ಹೀರೋ 4 ಜನರಿಗೆ ಸಮ. ನಾಲ್ಕೇ! 100 ಜನರ ಎದುರು ಅವನ ಕತ್ತಿ ದೊಡ್ಡದಲ್ಲ. ಅವನು ಎಲ್ಲಿ ನಿಲ್ಲುತ್ತಾನೆ ಅನ್ನುವುದು ದೊಡ್ಡದು. ನಾನು ಪ್ರತಿ ಪಾಳಿಗೆ ಒಬ್ಬೊಬ್ಬರಿಗೆ ಒಂದೇ ಕೆಲಸ ಕೊಡುತ್ತೇನೆ. ಶತ್ರು ನಾಯಕನ ಮೇಲೆ ಬೀಳಬಹುದು, ಬಾಗಿಲು ಕಾಯಬಹುದು, ಇಲ್ಲವೇ ನಡುಗುತ್ತಿರುವ ತುಕಡಿಯ ಪಕ್ಕ ನಿಂತು ಅವರ ಧೈರ್ಯದ ಡೈಸಿಗೆ 1 ಕೂಡಿಸಬಹುದು.

ಕಳೆದ ಭಾನುವಾರ ಗಾಬ್ಲಿನ್‌ಗಳು ಮೂರನೇ ಕಂದಕ ದಾಟಿದ್ದರು. ಬಾಗಿಲ ಹತ್ತಿರದ ನಮ್ಮ ತುಕಡಿ 2 ಬಲಕ್ಕೆ ಇಳಿದಿತ್ತು. ಚಹಾ ಕುಡಿಯಲು ಹೋಗಿದ್ದ ಅದೇ ಹುಡುಗನ ಪಾಳಿ. ಗಾಬ್ಲಿನ್ ದೊರೆ ಅವನಿಂದ 2 ಇಂಚು ದೂರದಲ್ಲಿದ್ದ. ಹೊಡೆದರೆ ಹೆಸರು ಬರುತ್ತಿತ್ತು. ಅವನು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಗೊಂಬೆ ಎತ್ತಿ ಆ ತೊಗರಿ ಕಾಳುಗಳ ಪಕ್ಕ ಇಟ್ಟ. "ಇವರ ಕೂಡ ನಿಲ್ತೀನಿ" ಅಂದ.

ಡೈಸ್ ಹಾಕಿದೆವು. ಒಂದರಲ್ಲಿ 4, ಇನ್ನೊಂದರಲ್ಲಿ 2. ಅವನದು ಒಂದು ಕೂಡಿಸಿದರೆ 7.

[ದೃಶ್ಯ: ಬಾಗಿಲ ಮುಂದೆ ತೊಗರಿಯ ತುಕಡಿ. ಪಕ್ಕದಲ್ಲಿ ಒಂದು ಮಣ್ಣಿನ ಗೊಂಬೆ.]